ಒಂದೇ ‘ಅಮ್ಮ’, ಮೂರು ರೋಗ: ವೈದ್ಯಚಿತ್ರ ಕಲಿಸಿದ ಪಾಠ

ಅಜ್ಜಂಪುರಕ್ಕೆ ಸಮೀಪದ ಅಂತರಘಟ್ಟೆಯಲ್ಲಿ ದುರ್ಗಾಂಬೆಯ ಜಾತ್ರೆ ಬಂತೆಂದರೆ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ರೈತರು ಎತ್ತುಗಳ ಮೈ ತೊಳೆದು, ಗಾಡಿ ಸಿಂಗರಿಸಿಕೊಂಡು ಹೊರಡುತ್ತಾರೆ. ಈ ಸೀಮೆಯ ಊರುಗಳಲ್ಲಿ ‘ಅಮ್ಮ’ ಎಂಬ ಮಾತಿಗೆ ಮೂರು ಅರ್ಥ. ಹೆತ್ತವಳು ಅಮ್ಮ, ಊರು ಕಾಯುವ ದೇವತೆ ಅಮ್ಮ, ಮೈಮೇಲೆ ಬೊಕ್ಕೆ ಎದ್ದು ಜ್ವರ ಬಂದರೆ ಅದೂ ಅಮ್ಮನೇ. ‘ಮಗುವಿಗೆ ಅಮ್ಮ ಆಗಿದೆ’ ಎಂದರೆ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಬೀಳುತ್ತದೆ, ಅಡುಗೆಮನೆಯಲ್ಲಿ ಒಗ್ಗರಣೆ ನಿಲ್ಲುತ್ತದೆ, ನೆಂಟರಿಷ್ಟರು ಹೊಸ್ತಿಲ ಆಚೆಯೇ ನಿಂತು ಮಾತಾಡಿಸಿ ಹೋಗುತ್ತಾರೆ.

ಆದರೆ ಈ ಒಂದು ಮಾತಿನೊಳಗೆ ಕನಿಷ್ಠ ಮೂರು ಬೇರೆ ಬೇರೆ ರೋಗಗಳು ಅಡಗಿದ್ದವು. ಸಿಡುಬು, ಸೀತಾಳೆ ಸಿಡುಬು ಮತ್ತು ದಡಾರ. ಸೀತಾಳೆ ಸಿಡುಬು ಬಂದ ಮಗು ಸಾಮಾನ್ಯವಾಗಿ ವಾರ ಹತ್ತು ದಿನಗಳಲ್ಲಿ ಎದ್ದು ಆಡಲು ಹೋಗುತ್ತದೆ. ಲಸಿಕೆ ಹಾಕಿಸಿಕೊಳ್ಳದವರಿಗೆ ದೊಡ್ಡ ಸಿಡುಬು ಬಂದರೆ ನೂರರಲ್ಲಿ ಸುಮಾರು 30 ಮಂದಿ ಸಾಯುತ್ತಿದ್ದರು. ಉಳಿದವರಲ್ಲಿ ಹಲವರು ಮುಖದ ತುಂಬ ಕುಳಿಗಳನ್ನು ಹೊತ್ತು, ಕೆಲವರು ಕಣ್ಣು ಕಳೆದುಕೊಂಡು ಬದುಕಬೇಕಾಗುತ್ತಿತ್ತು. ಹೆಸರು ಒಂದೇ ಆದರೂ ಪರಿಣಾಮದಲ್ಲಿ ಆಕಾಶ ಭೂಮಿಯ ಅಂತರ.

ಹಾಗಾದರೆ ಬಂದಿರುವುದು ಯಾವ ‘ಅಮ್ಮ’ ಎಂದು ತಿಳಿಯುವುದು ಹೇಗೆ? ಪ್ರಯೋಗಾಲಯ ದೂರದ ಮಾತಾಗಿದ್ದ ಕಾಲದಲ್ಲಿ ಇದಕ್ಕೆ ಒಂದೇ ದಾರಿ, ನೋಡಿ ತಿಳಿಯುವುದು. ಎಲ್ಲಿ ನೋಡಬೇಕು, ಏನನ್ನು ನೋಡಬೇಕು ಎಂಬುದನ್ನು ಮಾತು ಎಷ್ಟು ಹೇಳಿದರೂ ಸಾಲದು. ಆ ಕೆಲಸವನ್ನು ಮಾಡಿದ್ದು ವೈದ್ಯಚಿತ್ರ. ಪುಸ್ತಕದ ಅಲಂಕಾರಕ್ಕೆಂದು ಬಂದದ್ದು ಎಂದು ನಾವು ಭಾವಿಸುವ ಈ ಚಿತ್ರಗಳು, ಮಾತು ಒಟ್ಟುಗೂಡಿಸಿದ್ದನ್ನು ಬಿಡಿಸಿ ತೋರಿಸುವ ಉಪಕರಣಗಳು. ಅವುಗಳ ಚರಿತ್ರೆಯಲ್ಲಿ ಕನ್ನಡ ನಾಡಿಗೂ ಒಂದು ಪಾಲಿದೆ.

ಛಂದಸ್ಸು ಕಾಯ್ದ ವೈದ್ಯ

ಕನ್ನಡದಲ್ಲಿ ವೈದ್ಯಗ್ರಂಥಗಳಿಗೆ ಕೊರತೆ ಇರಲಿಲ್ಲ. ಚಾಲುಕ್ಯ ರಾಜಕುಮಾರ ಕೀರ್ತಿವರ್ಮ ಸುಮಾರು 1125ರಲ್ಲಿ ದನಕರುಗಳ ಚಿಕಿತ್ಸೆಯನ್ನು ಕುರಿತು ‘ಗೋವೈದ್ಯ’ ಬರೆದ. ಸುಮಾರು 1150ರಲ್ಲಿ ಜಗದ್ದಳ ಸೋಮನಾಥ ‘ಕರ್ನಾಟಕ ಕಲ್ಯಾಣಕಾರಕ’ವನ್ನು ರಚಿಸಿದ. ವಿಷವೈದ್ಯಕ್ಕೆ ಸಂಬಂಧಿಸಿದ ಮಂಗರಾಜನ ‘ಖಗೇಂದ್ರಮಣಿದರ್ಪಣ’ 14ನೇ ಶತಮಾನದ್ದು. ಇವೆಲ್ಲ ಪದ್ಯವನ್ನು ನೆಚ್ಚಿದ ಕೃತಿಗಳು. ಓದುವವನ ಕಿವಿಗೂ ನೆನಪಿಗೂ ಬರೆದವು. ಕಣ್ಣಿಗೆ ಚಿತ್ರವಾಗಿ ಬರೆದವಲ್ಲ.

ನಮ್ಮವರಿಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ ಎಂದು ಇದರಿಂದ ತಿಳಿಯಬಾರದು. ಮೂಡಬಿದಿರೆಯ ಜೈನ ಬಸದಿಯಲ್ಲಿ ಉಳಿದುಬಂದ 12ನೇ ಶತಮಾನದ ಧವಲಾ ಗ್ರಂಥದ ಓಲೆಗಳ ಮೇಲೆ ಸೊಗಸಾದ ವರ್ಣಚಿತ್ರಗಳಿವೆ. ಕಷ್ಟ ಇದ್ದದ್ದು ನಕಲು ಮಾಡುವುದರಲ್ಲಿ. ಓಲೆಗರಿಯ ಆಯುಸ್ಸು ಮುಗಿಯುವ ಮೊದಲು ಇನ್ನೊಬ್ಬ ಅದನ್ನು ಪ್ರತಿ ಮಾಡಬೇಕು. ಪದ್ಯದಲ್ಲಿ ಒಂದು ಅಕ್ಷರ ತಪ್ಪಿದರೆ ಛಂದಸ್ಸು ಕೆಡುತ್ತದೆ, ತಿಳಿದವನು ಅದನ್ನು ಕೂಡಲೇ ಹಿಡಿಯುತ್ತಾನೆ. ಚಿತ್ರಕ್ಕೆ ಅಂಥ ಕಾವಲು ಇಲ್ಲ. ಒಬ್ಬ ಲಿಪಿಕಾರ ಎಲೆಯ ಅಂಚನ್ನು ಕೊಂಚ ನೇರ ಮಾಡಿದರೆ, ಮುಂದಿನವನು ಇನ್ನಷ್ಟು ನೇರ ಮಾಡುತ್ತಾನೆ. ನಾಲ್ಕನೆಯ ಪ್ರತಿಯ ಹೊತ್ತಿಗೆ ಗಿಡವೇ ಬೇರೆಯಾಗಿರುತ್ತದೆ. ತಪ್ಪು ಚಿತ್ರವನ್ನು ನಂಬಿ ಮದ್ದು ಅರೆಯುವುದಕ್ಕಿಂತ ಗುರುವಿನ ಜೊತೆ ಕಾಡಿಗೆ ಹೋಗಿ ಗಿಡ ನೋಡುವುದೇ ಲೇಸು.

ಈ ಕಷ್ಟವನ್ನು ನೀಗಿಸಿದ್ದು ಮುದ್ರಣ. 1543ರಲ್ಲಿ ಆಂಡ್ರಿಯಾಸ್ ವೆಸಾಲಿಯಸ್ ಮಾನವ ದೇಹರಚನೆಯ ಬೃಹತ್ ಗ್ರಂಥವನ್ನು ಮರದಚ್ಚಿನ ಚಿತ್ರಗಳೊಡನೆ ಪ್ರಕಟಿಸಿದ. ಒಂದೇ ಅಚ್ಚಿನಿಂದ ಹೊರಟ ನೂರಾರು ಪ್ರತಿಗಳಲ್ಲೂ ಅದೇ ಮೂಳೆ, ಅದೇ ಸ್ನಾಯು. ಬೇರೆ ಬೇರೆ ಊರಿನ ವೈದ್ಯರು ಒಂದೇ ಚಿತ್ರವನ್ನು ಮುಂದಿಟ್ಟುಕೊಂಡು ವಾದ ಮಾಡುವುದು, ತಪ್ಪು ತೋರಿಸುವುದು, ತಿದ್ದುವುದು ಸಾಧ್ಯವಾಯಿತು. ಚಿತ್ರವು ವಿಜ್ಞಾನದ ಸಾಕ್ಷಿಯ ಸ್ಥಾನಕ್ಕೆ ಏರಿದ್ದು ಹೀಗೆ.

ಹಾಲು ಕರೆಯುವವಳ ಕೈ

ಸಿಡುಬಿನ ಕಥೆಯಲ್ಲಿ ಚಿತ್ರದ ಪಾತ್ರ ಆರಂಭದಿಂದಲೂ ಇದೆ. ಹಸುವಿನ ಕೆಚ್ಚಲಿನ ಬೊಕ್ಕೆಯಿಂದ ಸೋಂಕು ತಗುಲಿದವರಿಗೆ ಸಿಡುಬು ಬರುವುದಿಲ್ಲ ಎಂಬುದನ್ನು ಪರೀಕ್ಷಿಸಿ ನೋಡಿದ ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ 1798ರಲ್ಲಿ ತನ್ನ ಕಿರುಹೊತ್ತಗೆಯನ್ನು ಹೊರತಂದಾಗ ಅದರಲ್ಲಿ ನಾಲ್ಕು ಬಣ್ಣದ ಚಿತ್ರಗಳಿದ್ದವು. ಮೊದಲನೆಯದು ಹಾಲು ಕರೆಯುತ್ತಿದ್ದ ಸಾರಾ ನೆಲ್ಮ್ಸ್ ಎಂಬಾಕೆಯ ಕೈ. ಅದರ ಮೇಲೆ ಎದ್ದ ಬೊಕ್ಕೆಗಳನ್ನು ಚಿತ್ರಕಾರ ಇದ್ದಂತೆಯೇ ತೋರಿಸಿದ್ದ.

ಈ ಚಿತ್ರ ಯಾಕೆ ಬೇಕಿತ್ತು? ಆಗ ಲಸಿಕೆ ಸೀಸೆಯಲ್ಲಿ ಬರುತ್ತಿರಲಿಲ್ಲ. ದಾಕು ಹಾಕಿಸಿಕೊಂಡ ಒಬ್ಬರ ತೋಳಿನ ಬೊಕ್ಕೆಯಿಂದ ದ್ರವ ತೆಗೆದು ಇನ್ನೊಬ್ಬರ ತೋಳಿಗೆ ಹಚ್ಚಬೇಕಿತ್ತು. ಬೊಕ್ಕೆ ನಿಜವಾದ ಗೋಸಿಡುಬಿನದಾಗಿದ್ದರೆ ರಕ್ಷಣೆ. ಬರಿಯ ಕೀವಿನ ಗುಳ್ಳೆಯಾಗಿದ್ದರೆ ರಕ್ಷಣೆಯೂ ಇಲ್ಲ, ಮೇಲೆ ಹೊಸ ಸೋಂಕು. ಎಲ್ಲಕ್ಕಿಂತ ಅಪಾಯದ ಸಂಗತಿಯೆಂದರೆ ರಕ್ಷಣೆ ಸಿಕ್ಕಿತೆಂಬ ಸುಳ್ಳು ನೆಮ್ಮದಿ. ಆದ್ದರಿಂದ ನಿಜವಾದ ಬೊಕ್ಕೆ ಎಷ್ಟನೆಯ ದಿನ ಹೇಗಿರುತ್ತದೆ ಎಂದು ದಾಕು ಹಾಕುವವನಿಗೆ ಕಣ್ಣಿಗೆ ಕಟ್ಟಿದಂತೆ ಗೊತ್ತಿರಬೇಕಿತ್ತು. 1802ರಲ್ಲಿ ಜಾರ್ಜ್ ಕರ್ಟ್‌ಲೆಂಡ್ ಎಂಬ ಚಿತ್ರಕಾರ ಸಿಡುಬಿನ ಬೊಕ್ಕೆ ಮತ್ತು ಗೋಸಿಡುಬಿನ ಬೊಕ್ಕೆಗಳನ್ನು ದಿನದಿಂದ ದಿನಕ್ಕೆ ಅಕ್ಕಪಕ್ಕ ಬರೆದು ತೋರಿಸಿದ. ನೋಡಿದವರು ಹೋಲಿಸಬಹುದಿತ್ತು. ವೈದ್ಯಚಿತ್ರದ ಶಕ್ತಿ ಇರುವುದೇ ಈ ಹೋಲಿಕೆಯಲ್ಲಿ.

ಮೈಸೂರಿನ ಮೂವರು ರಾಣಿಯರು

ಅದೇ 1802ರ ಜೂನ್ 14ರಂದು ಮುಂಬಯಿಯಲ್ಲಿ ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ ಹಾಕಿದ ದಾಕು ಭಾರತದಲ್ಲಿ ಯಶಸ್ವಿಯಾದ ಮೊದಲನೆಯದು. ಬಾಗ್ದಾದ್, ಬಸ್ರಾ ಮಾರ್ಗವಾಗಿ ಬಂದ ಲಸಿಕೆ ಅಲ್ಲಿಂದ ತೋಳಿನಿಂದ ತೋಳಿಗೆ ದಾಟುತ್ತ ದೇಶದ ಒಳನಾಡಿಗೆ ಹರಡಿತು. ಆದರೆ ಜನ ಅದನ್ನು ಸುಲಭವಾಗಿ ಒಪ್ಪಲಿಲ್ಲ. ಯಾರದೋ ತೋಳಿನ ದ್ರವವನ್ನು ತಮ್ಮ ಮಕ್ಕಳ ಮೈಗೆ ಹಚ್ಚಿಸಲು ಹಿಂಜರಿಯುವುದು ಸಹಜವೇ. ಸಿಡುಬಿನ ಕೀವನ್ನೇ ಅಲ್ಪ ಪ್ರಮಾಣದಲ್ಲಿ ಹಚ್ಚಿ ರೋಗವನ್ನು ಹಗುರವಾಗಿ ಬರಿಸುವ ಹಳೆಯ ಪದ್ಧತಿ ಭಾರತದ ಹಲವೆಡೆ ಮೊದಲೇ ಬಳಕೆಯಲ್ಲಿತ್ತು. ಜನರ ಮನವೊಲಿಸಲು ಈಸ್ಟ್ ಇಂಡಿಯಾ ಕಂಪನಿಗೆ ದೊಡ್ಡವರ ಮೇಲ್ಪಂಕ್ತಿ ಬೇಕಾಗಿತ್ತು.

ಇಲ್ಲಿಯೇ ಮೈಸೂರು ಪ್ರವೇಶಿಸುತ್ತದೆ. ಐರಿಷ್ ಚಿತ್ರಕಾರ ಥಾಮಸ್ ಹಿಕಿ ಸುಮಾರು 1805ರಲ್ಲಿ ಬರೆದ ತೈಲಚಿತ್ರವೊಂದರಲ್ಲಿ ಒಡವೆ ತೊಟ್ಟ ಮೂವರು ಸ್ತ್ರೀಯರಿದ್ದಾರೆ. ಬಹಳ ಕಾಲ ಇವರನ್ನು ನರ್ತಕಿಯರೆಂದೇ ಭಾವಿಸಲಾಗಿತ್ತು. ಇತಿಹಾಸಕಾರ ನೈಜೆಲ್ ಚಾನ್ಸಲರ್ ಇವರು ಮೈಸೂರು ಅರಮನೆಯವರು ಎಂದು ವಾದಿಸಿದರು. ಅವರ ಪ್ರಕಾರ ಇಬ್ಬರು ಬಾಲಕ ದೊರೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ವಯಸ್ಸಿನ ರಾಣಿಯರು. ನಡುವೆ ಇರುವವರು ಅಜ್ಜಿ ಲಕ್ಷ್ಮಮ್ಮಣ್ಣಿಯವರು. ಬಲಗಡೆಯ ರಾಣಿ ಸೀರೆಯ ಸೆರಗು ಸರಿಸಿ ಎಡತೋಳಿನ ಕಡೆ ಬೆರಳು ತೋರಿಸುತ್ತಿದ್ದಾಳೆ. ಅದು ದಾಕು ಹಾಕಿಸಿಕೊಂಡ ಜಾಗ. ಎಡಗಡೆಯವಳ ಮೂಗು ಬಾಯಿಯ ಸುತ್ತ ಬಣ್ಣ ಕೊಂಚ ಮಾಸಿದೆ. ಅದು ಹಳೆಯ ಪದ್ಧತಿಯ ಗುರುತು. ಹೀಗೆ ಒಂದೇ ಚೌಕಟ್ಟಿನಲ್ಲಿ ಹಳೆಯ ವಿಧಾನವನ್ನೂ ಹೊಸದನ್ನೂ ಎದುರುಬದುರು ಇಡಲಾಗಿದೆ ಎಂಬುದು ಅವರ ವಿವರಣೆ.

ಈ ವಿವರಣೆಯನ್ನು ಒಪ್ಪಿದರೆ ಇದು ಕನ್ನಡ ನಾಡಿನ ಅತ್ಯಂತ ಹಳೆಯ ಆರೋಗ್ಯ ಪ್ರಚಾರಚಿತ್ರಗಳಲ್ಲಿ ಒಂದು ಎನ್ನಬೇಕು. ಆದರೆ ಕರ್ಟ್‌ಲೆಂಡನ ಚಿತ್ರಕ್ಕೂ ಇದಕ್ಕೂ ವ್ಯತ್ಯಾಸವಿದೆ. ಅದು ‘ಹೀಗೆ ಗುರುತಿಸು’ ಎಂದು ವೈದ್ಯನಿಗೆ ಕಲಿಸುತ್ತದೆ. ಇದು ‘ಅರಮನೆಯವರೇ ಹಾಕಿಸಿಕೊಂಡಿದ್ದಾರೆ, ನೀವೂ ಹಾಕಿಸಿಕೊಳ್ಳಿ’ ಎಂದು ಮನವೊಲಿಸುತ್ತದೆ. ವೈದ್ಯಚಿತ್ರಕ್ಕೆ ಅಂದಿನಿಂದ ಇಂದಿನವರೆಗೂ ಈ ಎರಡು ಕೆಲಸ: ಒಂದು ಕಣ್ಣನ್ನು ತಿದ್ದುವುದು, ಇನ್ನೊಂದು ಮನಸ್ಸನ್ನು ತಿರುಗಿಸುವುದು. ಆದರೆ ಕಡೂರಿನ ರೈತನೊಬ್ಬ ಈ ತೈಲಚಿತ್ರವನ್ನು ನೋಡುವ ಅವಕಾಶ ಇರಲಿಲ್ಲ. ಚಿತ್ರ ಹಳ್ಳಿ ತಲಪಲು ಇನ್ನೂ ಬಹುಕಾಲ ಹಿಡಿಯಿತು.

ಅಂದಿನ ಬಾಲಕ ದೊರೆ ದೊಡ್ಡವರಾದ ಮೇಲೆ ತಾವೇ ಚಿತ್ರಗ್ರಂಥಗಳ ಪೋಷಕರಾದರು. ಅವರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯಲ್ಲಿ 122 ಯೋಗಾಸನಗಳ ಚಿತ್ರಗಳಿವೆ. ದೇಹವನ್ನು ಚಿತ್ರದ ಮೂಲಕ ಕಲಿಸಬಹುದು ಎಂಬ ಅರಿವು ಅರಮನೆಯ ಒಳಗೂ ಇತ್ತು ಎಂಬುದಕ್ಕೆ ಇದು ಸಾಕ್ಷಿ.

ನೀಲಿ ರಕ್ತ, ಕೆಂಪು ರಕ್ತ

19ನೇ ಶತಮಾನದ ವೈದ್ಯ ವಿದ್ಯಾರ್ಥಿಗಳ ಕೈಗೆ ಬಂದ ಬಹು ಮುಖ್ಯ ಚಿತ್ರಪುಸ್ತಕ ‘ಗ್ರೇ’ ಅವರ ಅಂಗರಚನಾ ಶಾಸ್ತ್ರ. 1858ರ ಮೊದಲ ಮುದ್ರಣದಲ್ಲಿದ್ದ 363 ಚಿತ್ರಗಳನ್ನು ಬರೆದವರು ಹೆನ್ರಿ ವಾಂಡೈಕ್ ಕಾರ್ಟರ್. ಅದಕ್ಕೆ ಮೊದಲಿನ ಎಷ್ಟೋ ಪುಸ್ತಕಗಳಲ್ಲಿ ಚಿತ್ರದ ಮೇಲೆ ಅಂಕಿಗಳಿದ್ದು, ಹೆಸರುಗಳನ್ನು ಕೆಳಗೆ ಹುಡುಕಬೇಕಿತ್ತು. ಕಾರ್ಟರ್ ಹೆಸರುಗಳನ್ನು ನರ, ಸ್ನಾಯು, ಮೂಳೆಗಳ ಮೇಲೆಯೇ ಬರೆದರು. ಕಣ್ಣು ಅತ್ತಿತ್ತ ಅಲೆಯಬೇಕಾಗಿರಲಿಲ್ಲ. ಪುಸ್ತಕ ಹೊರಬಂದ ವರ್ಷವೇ ಕಾರ್ಟರ್ ಮುಂಬಯಿಗೆ ಬಂದು ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳಿದರು. ಭಾರತದಲ್ಲೇ ಕುಷ್ಠ ಮೊದಲಾದ ರೋಗಗಳನ್ನು ಅಧ್ಯಯನ ಮಾಡಿ ಚಿತ್ರಸಹಿತ ಗ್ರಂಥಗಳನ್ನು ಬರೆದರು. ಪುಸ್ತಕ ಮಾತ್ರ ಗ್ರೇ ಅವರ ಹೆಸರಿನಲ್ಲೇ ಉಳಿಯಿತು. ಚಿತ್ರ ಬರೆದವರ ಹೆಸರು ಹಿಂದೆ ಸರಿಯುವುದು ಈ ಕ್ಷೇತ್ರದಲ್ಲಿ ಹೊಸದೇನೂ ಅಲ್ಲ.

ಕನ್ನಡದ ಓದುಗರಿಗೆ ಇಂಥ ಚಿತ್ರಗಳು ಶಾಲಾ ಪುಸ್ತಕಗಳ ಮೂಲಕ, 1930ರ ದಶಕದ ಶಿವರಾಮ ಕಾರಂತರ ‘ಬಾಲ ಪ್ರಪಂಚ’ದಂಥ ಸಚಿತ್ರ ಸಂಪುಟಗಳ ಮೂಲಕ ಪರಿಚಯವಾದವು. ‘ಹೃದಯದ ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ’ ಎಂಬ ಪ್ರಶ್ನೆಗೆ ಉತ್ತರ ಬರೆಯದೆ ಪ್ರೌಢಶಾಲೆ ದಾಟಿದವರು ವಿರಳ. ಹೃತ್ಕರ್ಣ, ಹೃತ್ಕುಕ್ಷಿ ಎಂಬ ಪದಗಳು ಬಾಯಿಪಾಠವಾದದ್ದು ಆ ಚಿತ್ರಕ್ಕೆ ಗೆರೆ ಎಳೆದು ಹೆಸರು ಬರೆಯುವಾಗಲೇ.

ಆ ಚಿತ್ರದಲ್ಲಿ ಒಂದು ಪಕ್ಕ ಕೆಂಪು, ಇನ್ನೊಂದು ಪಕ್ಕ ನೀಲಿ. ಆದರೆ ಯಾರ ದೇಹದಲ್ಲೂ ನೀಲಿ ರಕ್ತ ಇಲ್ಲ. ಆಮ್ಲಜನಕ ಕಡಿಮೆ ಇರುವ ರಕ್ತವೂ ಗಾಢ ಕೆಂಪೇ. ರಕ್ತ ಹರಿಯುವ ದಾರಿ ತಿಳಿಯಲೆಂದು ಚಿತ್ರಕಾರ ಮಾಡಿಕೊಂಡ ಒಪ್ಪಂದ ಅದು. ವೈದ್ಯಚಿತ್ರ ಕಂಡದ್ದನ್ನೆಲ್ಲ ಬರೆಯುವುದಿಲ್ಲ. ಬೇಡದ್ದನ್ನು ಬಿಟ್ಟು, ಬೇಕಾದದ್ದನ್ನು ಎತ್ತಿ ತೋರಿಸುತ್ತದೆ. ಛಾಯಾಚಿತ್ರ ಬಂದ ಮೇಲೂ ಕೈಬರಹದ ಚಿತ್ರ ಉಳಿದುಕೊಂಡಿರುವ ಗುಟ್ಟು ಇದೇ.

ಸೊಳ್ಳೆಯ ರೆಕ್ಕೆಯ ಮಚ್ಚೆ

1947ರವರೆಗೆ ಕಡೂರು ಜಿಲ್ಲೆ ಎಂದೇ ಕರೆಯುತ್ತಿದ್ದ ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಮಲೆನಾಡೂ ಇದೆ, ಬಯಲುಸೀಮೆಯೂ ಇದೆ. ಕಡೂರಿನ ಒಣನೆಲದಿಂದ ತರೀಕೆರೆ ದಾಟಿ ಬಾಬಾಬುಡನ್‌ಗಿರಿಯ ತಪ್ಪಲಿಗೆ ಬಂದರೆ ನೀರು, ನೆರಳು, ಗಿಡಮರ ಎಲ್ಲವೂ ಬದಲಾಗುತ್ತವೆ. ಸೊಳ್ಳೆಯೂ ಬದಲಾಗುತ್ತದೆ. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಗಳಲ್ಲಿ ಕ್ಯುಲಿಸಿಫೇಸಿಸ್ ಎಂಬ ಜಾತಿ ಬಯಲಿನ ಹೊಂಡ, ಬಾವಿ, ಕಾಲುವೆಗಳಲ್ಲಿ ಹೆಚ್ಚು. ಫ್ಲುವಿಯಾಟಿಲಿಸ್ ಬೆಟ್ಟದ ತಪ್ಪಲಿನ ತಿಳಿಯಾದ ಹರಿಯುವ ತೊರೆಗಳಲ್ಲಿ ಹುಟ್ಟುತ್ತದೆ. ಯಾವುದು ಎಂದು ತಿಳಿಯದೆ ಔಷಧ ಸಿಂಪಡಿಸಿದರೆ ಹಣವೂ ಶ್ರಮವೂ ವ್ಯರ್ಥ. ಜಾತಿ ಗುರುತಿಸಲು ಇರುವುದು ರೆಕ್ಕೆಯ ಮೇಲಿನ ಕಪ್ಪುಬಿಳುಪಿನ ಮಚ್ಚೆ, ಬಾಯಿಯ ಪಕ್ಕದ ಸ್ಪರ್ಶಾಂಗದ ಪಟ್ಟೆ. ಇವನ್ನು ಮಾತಿನಲ್ಲಿ ವಿವರಿಸಲು ಪುಟಗಳೇ ಬೇಕು. ಒಂದು ರೇಖಾಚಿತ್ರ ಸಾಕು.

1920ರ ದಶಕದ ಕೊನೆಯಿಂದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನೊಡನೆ ಮೈಸೂರು ಸಂಸ್ಥಾನದಲ್ಲಿ ಮಲೇರಿಯಾ ಅಧ್ಯಯನ ನಡೆಯಿತು. ಅದರಲ್ಲಿ ದುಡಿದ ಸ್ವೀಟ್ ಮತ್ತು ಬಿ. ಎ. ರಾವ್ 1937ರಲ್ಲಿ ಸ್ಟೀಫೆನ್ಸೈ ಎಂಬ ಅನಾಫಿಲಿಸ್ ಸೊಳ್ಳೆಯಲ್ಲಿ ಎರಡು ಬಗೆ ಇದೆ ಎಂದು ತೋರಿಸಿದರು. ಎರಡರ ಸೊಳ್ಳೆಗಳೂ ನೋಡಲು ಒಂದೇ. ವ್ಯತ್ಯಾಸ ಇದ್ದದ್ದು ಮೊಟ್ಟೆಯಲ್ಲಿ. ನೀರಿನ ಮೇಲೆ ತೇಲಲು ಮೊಟ್ಟೆಯ ಇಕ್ಕೆಲದಲ್ಲಿರುವ ಗಾಳಿಬುರುಡೆಗಳ ಮೇಲಿನ ಗೆರೆಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿದಾಗ ಒಂದರಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಕಡಿಮೆ ಗೆರೆಯದಕ್ಕೆ ‘ಮೈಸೂರೆನ್ಸಿಸ್’ ಎಂದು ಹೆಸರಾಯಿತು. ನಮ್ಮ ದೇಶದಲ್ಲಿ ಮಲೇರಿಯಾ ಹರಡುವುದರಲ್ಲಿ ಅದರ ಪಾತ್ರ ತೀರ ಕಡಿಮೆ. ಕಣ್ಣಿಗೆ ಕಾಣದ ಮೊಟ್ಟೆಯ ಗೆರೆ ಎಣಿಸಿದ್ದರಿಂದ ಅಪಾಯದ ಸೊಳ್ಳೆ ಬೇರೆಯಾಯಿತು. ಮೈಸೂರಿನ ಹೆಸರು ಜಗತ್ತಿನ ಕೀಟಶಾಸ್ತ್ರದಲ್ಲಿ ಉಳಿಯಿತು.

ಪ್ರಶ್ನೆ ಕೇಳಿದ ಚಿತ್ರ

ಮತ್ತೆ ಸಿಡುಬಿಗೆ ಬರೋಣ. 20ನೇ ಶತಮಾನದಲ್ಲಿ ಲಸಿಕೆಯನ್ನು ಕರುಗಳ ಮೈಮೇಲೆ ಬೆಳೆಸಿ ತಯಾರಿಸುವುದು ರೂಢಿಯಾಗಿತ್ತು. ಬೆಳಗಾವಿಯ ‘ವ್ಯಾಕ್ಸಿನ್ ಡಿಪೊ’ ಮೈದಾನದ ಹೆಸರು ಆ ಕಾಲದ ನೆನಪು. ಆದರೂ 1974ರಲ್ಲಿ ಭಾರತದಲ್ಲಿ 1,88,000ಕ್ಕೂ ಹೆಚ್ಚು ಮಂದಿಗೆ ಸಿಡುಬು ತಗುಲಿತು. ಹೆಚ್ಚಿನವರು ಬಿಹಾರ ಮತ್ತು ಸುತ್ತಮುತ್ತಲ ರಾಜ್ಯಗಳವರು. ಎಲ್ಲರಿಗೂ ದಾಕು ಹಾಕುವ ಹಳೆಯ ಕ್ರಮವೊಂದೇ ಸಾಲದು, ರೋಗಿ ಎಲ್ಲಿದ್ದಾನೆಂದು ಹುಡುಕಿ ಸುತ್ತಲಿನವರಿಗೆಲ್ಲ ಕೂಡಲೇ ದಾಕು ಹಾಕಬೇಕು ಎಂಬ ಕ್ರಮ ಆಗ ಬಲವಾಗಿ ಜಾರಿಯಲ್ಲಿತ್ತು.

ಹುಡುಕುವವರ ಕೈಯಲ್ಲಿದ್ದ ಮುಖ್ಯ ಆಯುಧ ಒಂದು ಕಾರ್ಡು. ವಿಶ್ವ ಆರೋಗ್ಯ ಸಂಸ್ಥೆ ಸಿದ್ಧಪಡಿಸಿದ ಅದರ ಮೇಲೆ ಸಿಡುಬು ಬಂದ ಮಗುವಿನ ಬಣ್ಣದ ಚಿತ್ರ. ಕಾರ್ಯಕರ್ತರು ಮನೆಮನೆಗೆ, ಶಾಲೆಗೆ, ಸಂತೆಗೆ ಹೋಗಿ ಅದನ್ನು ತೋರಿಸಿ, ಇಂಥ ಬೊಕ್ಕೆ ಇರುವವರನ್ನು ಎಲ್ಲಾದರೂ ಕಂಡಿರಾ ಎಂದು ಕೇಳುತ್ತಿದ್ದರು. ‘ಅಮ್ಮ’ ಆಗಿದೆಯೇ ಎಂದು ಕೇಳಿದ್ದರೆ ಮೂರು ರೋಗಕ್ಕೂ ಒಂದೇ ಉತ್ತರ ಬರುತ್ತಿತ್ತು. ದೇವರ ಸಿಟ್ಟಿಗೆ ಹೆದರಿ ಬಾಯಿ ಬಿಡದವರೂ ಇರುತ್ತಿದ್ದರು. ಚಿತ್ರ ತೋರಿಸಿದಾಗ ಮಾತಿನ ತೊಡಕೇ ಇರಲಿಲ್ಲ. ಶಾಲೆಯ ಮಕ್ಕಳು ಕೊಟ್ಟ ಸುಳಿವು ಬಹಳ ಉಪಯೋಗಕ್ಕೆ ಬಂತು. ಅಕ್ಷರ ಬಾರದವರೂ ರೋಗ ಪತ್ತೆಮಾಡುವವರಾದರು.

ಕಾರ್ಯಕರ್ತರ ತರಬೇತಿಗೆ ಇನ್ನೊಂದು ಬಗೆಯ ಚಿತ್ರ ಇತ್ತು. ಮನುಷ್ಯ ದೇಹದ ಹೊರರೇಖೆ, ಅದರ ಮೇಲೆ ಚುಕ್ಕೆಗಳು. ಸಿಡುಬಿನಲ್ಲಿ ಚುಕ್ಕೆಗಳು ಮುಖ, ಕೈಕಾಲುಗಳಲ್ಲಿ ದಟ್ಟ, ಎದೆ ಹೊಟ್ಟೆಯಲ್ಲಿ ವಿರಳ. ಅಂಗೈ ಅಂಗಾಲಿಗೂ ಬರುತ್ತವೆ. ಸೀತಾಳೆ ಸಿಡುಬಿನಲ್ಲಿ ಇದಕ್ಕೆ ತದ್ವಿರುದ್ಧ. ಸಿಡುಬಿನ ಬೊಕ್ಕೆಗಳು ಒಂದು ಜಾಗದಲ್ಲಿ ಎಲ್ಲವೂ ಒಂದೇ ಹಂತದಲ್ಲಿರುತ್ತವೆ. ಸೀತಾಳೆಯಲ್ಲಿ ಹೊಸ ಗುಳ್ಳೆಯ ಪಕ್ಕದಲ್ಲೇ ಒಣಗಿದ ಹಕ್ಕಳೆ ಇರುತ್ತದೆ. ನಾಲ್ಕು ಗೆರೆ, ಒಂದಷ್ಟು ಚುಕ್ಕೆ. ಇಷ್ಟರಿಂದ ಶತಮಾನಗಳ ‘ಅಮ್ಮ’ ಬಿಡಿಬಿಡಿಯಾದಳು.

ಭಾರತದೊಳಗೆ ಹುಟ್ಟಿದ ಸಿಡುಬಿನ ಕೊನೆಯ ಪ್ರಕರಣ 1975ರ ಮೇ ತಿಂಗಳದ್ದು. ಹೊರಗಿನಿಂದ ಬಂದ ಕೊನೆಯ ರೋಗಿ ಪತ್ತೆಯಾದದ್ದು ಅದೇ ತಿಂಗಳ 24ರಂದು ಅಸ್ಸಾಮಿನ ಕರೀಂಗಂಜ್‌ನಲ್ಲಿ. ಅನಂತರವೂ ಎರಡು ವರ್ಷ ಕರ್ನಾಟಕವೂ ಸೇರಿದಂತೆ ಎಲ್ಲ ರಾಜ್ಯಗಳಲ್ಲಿ ಹುಡುಕಾಟ ನಡೆಯಿತು. ಸಿಡುಬು ತೋರಿಸಿಕೊಟ್ಟವರಿಗೆ 1,000 ರೂಪಾಯಿ ಬಹುಮಾನ ಎಂದು ಸಾರಲಾಯಿತು. 1977ರ ಏಪ್ರಿಲ್‌ನಲ್ಲಿ ಅಂತರರಾಷ್ಟ್ರೀಯ ತಜ್ಞರ ಆಯೋಗ ಭಾರತವನ್ನು ಸಿಡುಬುಮುಕ್ತವೆಂದು ಒಪ್ಪಿತು. 1980ರ ಮೇ 8ರಂದು ಇಡೀ ಜಗತ್ತೇ ಸಿಡುಬುಮುಕ್ತವೆಂದು ಘೋಷಣೆಯಾಯಿತು.

ಯಾರ ಮೈಬಣ್ಣ?

ಚಿತ್ರ ದಾರಿ ತೋರಿಸುವಂತೆ ದಾರಿ ತಪ್ಪಿಸಲೂಬಲ್ಲದು. ಪಠ್ಯಪುಸ್ತಕಗಳ ಚರ್ಮರೋಗದ ಚಿತ್ರಗಳಲ್ಲಿ ಬಹುಪಾಲು ಬಿಳಿಯ ಮೈಯವು. ದಡಾರದಲ್ಲಿ ಮೈ ಕೆಂಪಾಗುತ್ತದೆ ಎಂದು ಅಲ್ಲಿ ಬರೆದಿರುತ್ತದೆ. ಬಿಸಿಲಲ್ಲಿ ದುಡಿಯುವ ನಮ್ಮ ಊರಿನ ಕಪ್ಪು ಮೈಯ ಮಗುವಿನಲ್ಲಿ ಆ ಕೆಂಪು ಸುಲಭವಾಗಿ ಕಾಣದು. ಕುಷ್ಠದ ಮಚ್ಚೆಯೂ ಬಿಳಿ ಚರ್ಮದಲ್ಲಿ ಕೆಂಪಗೆ, ನಮ್ಮವರಲ್ಲಿ ಹೆಚ್ಚಾಗಿ ತಿಳಿಬಣ್ಣಕ್ಕೆ ಕಾಣುತ್ತದೆ. ಬೇರೆಯವರ ಮೈ ನೋಡಿ ಕಲಿತ ಕಣ್ಣು ನಮ್ಮವರ ರೋಗವನ್ನು ತಡವಾಗಿ ಹಿಡಿಯಬಹುದು. 2021ರಲ್ಲಿ ನೈಜೀರಿಯಾದ ಚಿದಿಬೆರೆ ಇಬೆ ಬರೆದ ಕಪ್ಪು ತಾಯಿ, ಕಪ್ಪು ಶಿಶುವಿನ ಗರ್ಭಚಿತ್ರ ಜಗತ್ತಿನ ಗಮನ ಸೆಳೆದದ್ದು, ಅಂಥ ಚಿತ್ರವನ್ನು ತಾವು ಅದುವರೆಗೆ ನೋಡಿಯೇ ಇರಲಿಲ್ಲ ಎಂದು ಅನೇಕರಿಗೆ ಅನಿಸಿದ್ದರಿಂದ.

ಗಾತ್ರದ ವಿಷಯವೂ ಹಾಗೆಯೇ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಗಿ ಮಲೆನಾಡನ್ನು ಇಂದಿಗೂ ಕಾಡುವ ಮಂಗನ ಕಾಯಿಲೆಯನ್ನು ಹರಡುವ ಉಣ್ಣೆಯ ಮರಿ ಎಳ್ಳಿನ ಕಾಳಿನಷ್ಟು. ಭಿತ್ತಿಪತ್ರದಲ್ಲಿ ಅದನ್ನು ಅಂಗೈಯಗಲ ಬರೆದು ಪಕ್ಕದಲ್ಲಿ ನಿಜಗಾತ್ರವನ್ನು ತೋರಿಸದಿದ್ದರೆ, ನೋಡಿದವರು ದೊಡ್ಡ ಹುಳುವನ್ನೇ ಹುಡುಕುತ್ತಾರೆ. ಮೈಮೇಲೆ ಹತ್ತಿದ ಎಳ್ಳಿನಷ್ಟರದು ಕಣ್ಣಿಗೆ ಬೀಳುವುದೇ ಇಲ್ಲ.

ಇಂದು ಕಡೂರು, ತರೀಕೆರೆ, ಅಜ್ಜಂಪುರಗಳ ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಯುವ ವೈದ್ಯರಲ್ಲಿ ಸಿಡುಬಿನ ರೋಗಿಯನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ, ಇರಲೂ ಸಾಧ್ಯವಿಲ್ಲ. 2022ರ ಜುಲೈಯಲ್ಲಿ ಕೇರಳದಲ್ಲಿ ದೇಶದ ಮೊದಲ ಎಂಪಾಕ್ಸ್ ಪ್ರಕರಣ ಪತ್ತೆಯಾದಾಗ ಸಿಡುಬಿನ ಈ ದಾಯಾದಿಯನ್ನು ಸೀತಾಳೆಯಿಂದ ಬೇರೆ ಮಾಡುವುದು ಹೇಗೆಂಬ ಹಳೆಯ ಪ್ರಶ್ನೆ ಮತ್ತೆ ಎದ್ದಿತು. ಬೊಕ್ಕೆಗಳು ಎಲ್ಲಿ ದಟ್ಟ, ಯಾವ ಹಂತದಲ್ಲಿವೆ ಎಂಬ ಅದೇ ಹಳೆಯ ಲಕ್ಷಣಗಳನ್ನು ಮತ್ತೆ ನೋಡಬೇಕಾಯಿತು. ರೋಗ ಅಳಿದ ಮೇಲೆ ಅದನ್ನು ಗುರುತಿಸುವ ವಿದ್ಯೆ ಉಳಿದಿರುವುದು ಚಿತ್ರಗಳಲ್ಲಿ ಮಾತ್ರ.

ಅಂತರಘಟ್ಟೆಯ ಜಾತ್ರೆಗೆ ಬರುವ ಹಿರಿಯರ ತೋಳಿನ ಮೇಲೆ ಈಗಲೂ ದುಂಡನೆಯ ದಾಕಿನ ಕಲೆ ಇದೆ. ಅವರ ಮೊಮ್ಮಕ್ಕಳ ತೋಳಿನಲ್ಲಿ ಸಿಡುಬಿನ ದಾಕಿನ ಗುರುತಿಲ್ಲ, ಅದರ ಅಗತ್ಯವೂ ಇಲ್ಲ. ಆ ಮಕ್ಕಳಿಗೆ ಸಿಡುಬು ಎಂದರೇನೆಂದು ತಿಳಿಯಬೇಕಾದರೆ ಅಜ್ಜಿಯ ತೋಳನ್ನು ನೋಡಬೇಕು, ಇಲ್ಲವೇ ಪುಸ್ತಕದ ಚಿತ್ರವನ್ನು ನೋಡಬೇಕು.